ಸೊರಟೂರು ಹಳ್ಳದ ಕಪ್ಪು ಮರಳು

ಗದಗಿನಿಂದ ಮುಂಡರಗಿ ಬಸ್ಸು ಹತ್ತಿ ಬಲಗಡೆಯ ಕಿಟಕಿ ಹಿಡಿದು ಕೂತರೆ ಕಪ್ಪತಗುಡ್ಡ ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಮುಂದೆ ಎರಿ ಹೊಲ, ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ. ಅವುಗಳ ಆಚೆ ಒಂದರ ಹಿಂದೊಂದು ನಿಂತ ಗುಡ್ಡದ ಸಾಲು. ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಮಳೆ ಬಿದ್ದಾಗ ಹಸಿರಾಗುವ ಈ ಗುಡ್ಡ ಉಳಿದ ದಿನಗಳಲ್ಲಿ ತುಕ್ಕಿನ ಬಣ್ಣದಲ್ಲಿ ಇರುತ್ತದೆ. ಎಪ್ಪತ್ತು ಗಿರಿ ಸುತ್ತುವ ಬದಲು ಕಪ್ಪತಗಿರಿಯೊಂದನ್ನು ನೋಡಿದರೆ ಸಾಕು ಎನ್ನುವ ಮಾತು ಈ ಕಡೆ ಬಹಳ ಹಳೆಯದು. ಔಷಧಿ ಸಸ್ಯಗಳನ್ನು ಹುಡುಕಿ ಬರುವವರಿದ್ದಾರೆ, ಕಪ್ಪತಮಲ್ಲೇಶ್ವರನ ದರ್ಶನಕ್ಕೆ ಬರುವವರಿದ್ದಾರೆ. ನಾನು ಹೋದದ್ದು ಬಂಗಾರದ ಕಲ್ಲು ನೋಡಲು.

ಬಂಗಾರ ಇದೆಯೋ ಇಲ್ಲವೋ ಎಂಬ ಕುತೂಹಲ ನನಗಿರಲಿಲ್ಲ. ಇದೆ ಎಂಬುದು ಗೊತ್ತಾಗಿ ನೂರೈವತ್ತು ವರ್ಷಗಳ ಮೇಲಾಯಿತು. ಈ ಗುಡ್ಡದ ಬಂಗಾರವನ್ನು ಜನ ಮತ್ತೆ ಮತ್ತೆ ಕಂಡುಹಿಡಿದಿದ್ದಾರೆ, ಮತ್ತೆ ಮತ್ತೆ ಬಿಟ್ಟು ಹೋಗಿದ್ದಾರೆ. ಕಂಡದ್ದು ಸುಳ್ಳಲ್ಲ. ಬಿಟ್ಟದ್ದೂ ಸುಮ್ಮನೆ ಅಲ್ಲ. ಎರಡಕ್ಕೂ ಕಾರಣ ಕಲ್ಲಿನೊಳಗೇ ಇದೆ ಎಂದು ನನ್ನ ಗೆಳೆಯನೊಬ್ಬ ಹೇಳುತ್ತಲೇ ಇದ್ದ. ಖನಿಜ ಶೋಧನೆಯಲ್ಲೇ ನೌಕರಿ ಕಳೆದು ನಿವೃತ್ತನಾದವನು. ಅವನ ಜೊತೆ ಹೋಗಿ ಆ ಕಾರಣವನ್ನು ಕಣ್ಣಾರೆ ನೋಡಬೇಕಿತ್ತು.

ಅವನು ಮೊದಲು ಕರೆದುಕೊಂಡು ಹೋದದ್ದು ಗುಡ್ಡಕ್ಕಲ್ಲ, ಸೊರಟೂರಿನ ಹಳ್ಳಕ್ಕೆ. ಹೊಯ್ಸಳರ ಇಮ್ಮಡಿ ಬಲ್ಲಾಳ ಮತ್ತು ಸೇವುಣರ ಭಿಲ್ಲಮನ ನಡುವೆ 1190ರ ಆಸುಪಾಸಿನಲ್ಲಿ ದೊಡ್ಡ ಕಾಳಗ ನಡೆದ ಊರು ಇದು. ಹಳ್ಳದಲ್ಲಿ ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ತಿರುವಿನ ಒಳಮಗ್ಗುಲಲ್ಲಿ, ದೊಡ್ಡ ಗುಂಡುಕಲ್ಲುಗಳ ಬೆನ್ನ ಹಿಂದೆ ನಿಂತ ಮರಳನ್ನೇ ಆರಿಸಿ ಗೆಳೆಯ ಪರಾತಕ್ಕೆ ತುಂಬಿಕೊಂಡ. ನೀರಿನ ವೇಗ ತಗ್ಗುವ ಜಾಗದಲ್ಲೇ ಭಾರದ ಕಣಗಳು ಕೂರುತ್ತವೆ. ಕುಕ್ಕರಗಾಲಲ್ಲಿ ಕೂತು, ಪರಾತವನ್ನು ಅರ್ಧ ನೀರಿನಲ್ಲಿ ಅದ್ದಿ, ಅಲುಗಿಸುತ್ತ ಓರೆ ಮಾಡುತ್ತ ಜಾಲಿಸಿದ. ಮೊದಲು ಕೆಸರು ಹೋಯಿತು, ಆಮೇಲೆ ಬಿಳಿ ಮರಳು. ಕೊನೆಗೆ ಅಂಚಿನಲ್ಲಿ ಉಳಿದದ್ದು ಬೆರಳಗಲದ ಒಂದು ಕಪ್ಪು ಗೆರೆ. ಜೇಬಿನಿಂದ ಅಯಸ್ಕಾಂತ ತೆಗೆದು ಕಾಗದದಲ್ಲಿ ಸುತ್ತಿ ಆ ಕಪ್ಪು ಮರಳಿನ ಮೇಲೆ ಆಡಿಸಿದಾಗ ಮುಕ್ಕಾಲು ಪಾಲು ಎದ್ದು ಅಂಟಿಕೊಂಡಿತು. ಅದು ಮ್ಯಾಗ್ನೆಟೈಟ್, ಗುಡ್ಡದ ನೆತ್ತಿಯ ಕಬ್ಬಿಣದ ಕಲ್ಲಿನಿಂದ ಉದುರಿ ಬಂದದ್ದು. ಉಳಿದ ಚಿಟಿಕೆಯಲ್ಲಿ, ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಂತೆ, ಒಂದು ಚಪ್ಪಟೆ ಹಳದಿ ಕಣ ಇತ್ತು. ಪರಾತವನ್ನು ನೆರಳಿಗೆ ಹಿಡಿದರೂ ಅದರ ಬಣ್ಣ ಮಾಸಲಿಲ್ಲ. ಅಭ್ರಕ ಬಿಸಿಲಿನಲ್ಲಿ ಮಾತ್ರ ಮಿಂಚುತ್ತದೆ, ಬಂಗಾರ ನೆರಳಲ್ಲೂ ಹಳದಿಯೇ. ಅವನಿಗೆ ಅದು ನೂರಾರು ಸಲ ಕಂಡ ನೋಟ. ನನ್ನ ಎದೆ ಮಾತ್ರ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಇದೇ ಹಳ್ಳದ ಮರಳನ್ನು ತೊಳೆಯುವ ಜಾಲಗಾರರು ಈ ಸೀಮೆಯಲ್ಲಿ ಇದ್ದರು. ಮರದ ಮರಿಗೆಯೇ ಅವರ ಹತ್ಯಾರ. ಮಳೆ ಬಂದು ಹಳ್ಳ ಹರಿದು ಇಳಿದ ಮೇಲೆ ಅವರ ಸುಗ್ಗಿ. ಉಳಿದ ದಿನಗಳಲ್ಲಿ ಅಕ್ಕಸಾಲಿಗರ ಅಂಗಡಿಯ ಕಸ ತೊಳೆದು ಬಂಗಾರದ ಪುಡಿ ತೆಗೆಯುತ್ತಿದ್ದರು. 1840ರ ಆಸುಪಾಸಿನಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಕಪ್ಪತಗುಡ್ಡದ ಹೊನ್ನಿನ ನೆಲದ ಬಗ್ಗೆ ಬರೆದ. ಆಮೇಲೆ ಬಂದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಕೊಡಲಿ ಹುಡುಕಿ ಹೆಸರಾದವನು ಇವನೇ. ಈ ಸೀಮೆಯ ಡಂಬಳದ ಗುಡ್ಡಗಳ ಹೊನ್ನಿನ ಕಲ್ಲುಗಳ ಮೇಲೆ 1874ರಲ್ಲಿ ಅವನ ವರದಿ ಪ್ರಕಟವಾಯಿತು. ಇಲ್ಲಿನ ಕಲ್ಲುಗಳನ್ನು ಡೋಣಿ, ಕಪ್ಪತಗುಡ್ಡ, ಸೊರಟೂರು ಎಂದು ಊರಿನ ಹೆಸರುಗಳಿಂದಲೇ ಗುಂಪು ಮಾಡಿ, ಹೊನ್ನು ಬರುವ ಹಳ್ಳಗಳೆಲ್ಲ ಸೊರಟೂರು ಗುಂಪಿನ ಕಲ್ಲಿನ ಮೇಲಿಂದ ಹರಿದು ಬರುತ್ತವೆ ಎಂದು ಅವನು ಗುರುತಿಸಿದ. ಹಳ್ಳದ ಮರಳಿನಿಂದ ಮೇಲಕ್ಕೆ ನಡೆದು ತಾಯಿಕಲ್ಲನ್ನು ಹುಡುಕುವ ಕ್ರಮ ಇವತ್ತಿಗೂ ಇದೇ. ಉಪಗ್ರಹ ಚಿತ್ರ ಬಂದ ಮೇಲೂ ಭೂವಿಜ್ಞಾನಿ ಮೊದಲು ಹಳ್ಳಕ್ಕೇ ಇಳಿಯುತ್ತಾನೆ.

ದಕ್ಷಿಣ ಭಾರತದ ಚಿನ್ನ ಹೆಚ್ಚಾಗಿ ಇಂಥ ಕಲ್ಲುಗಳಲ್ಲೇ ಇದೆ ಎಂದು ಕಂಡುಕೊಂಡ ಫೂಟ್ 1880ರ ದಶಕದಲ್ಲಿ ಅವುಗಳಿಗೆಲ್ಲ ಧಾರವಾಡದ ಹೆಸರಿಟ್ಟ. ಆಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಇವತ್ತು ಆಸ್ಟ್ರೇಲಿಯಾದಲ್ಲೋ ಕೆನಡಾದಲ್ಲೋ ಭೂಮಿಯ ಹಳೆಯ ಚಿಪ್ಪುಗಳ ಬಗ್ಗೆ ಪಾಠ ಮಾಡುವವರ ಬಾಯಲ್ಲಿ ಧಾರವಾಡ ಬರುತ್ತದೆ. ಪೇಡೆಗೆ, ಸಂಗೀತಕ್ಕೆ ನಾವು ಆ ಊರಿನ ಹೆಸರು ಹೇಳುತ್ತೇವೆ, ಒಳ್ಳೆಯದೇ. ಆದರೆ ನಮ್ಮ ಶಾಲೆಯ ಮಕ್ಕಳಿಗೆ ಈ ಹೆಸರಿನ ಕಲ್ಲಿನ ಬಗ್ಗೆ ಒಂದು ಸಾಲಾದರೂ ಗೊತ್ತಿರಬೇಕಿತ್ತು.

ಮರುದಿನ ಬೆಳಿಗ್ಗೆ ಗುಡ್ಡದ ಕಬಲಾಯತಕಟ್ಟಿ ಎಂಬ ಊರಿನ ಕಡೆ ನಡೆದೆವು. ಗುಡ್ಡದ ನೆತ್ತಿಗಳು ಪಟ್ಟೆಪಟ್ಟೆಯಾದ ಕಬ್ಬಿಣದ ಕಲ್ಲು, ಗಟ್ಟಿಯಾದದ್ದರಿಂದ ಸವೆಯದೆ ನಿಂತಿದೆ. ತಗ್ಗಿನಲ್ಲಿ ಇರುವುದು ಹಸಿರು ಛಾಯೆಯ ಲಾವಾ ಕಲ್ಲು, ಮತ್ತು ಭೂವಿಜ್ಞಾನಿಗಳು ಗ್ರೇವ್ಯಾಕೆ ಎನ್ನುವ ಬೂದು ಕಲ್ಲು. ಒಂದು ಕಾಲದ ಸಮುದ್ರದ ತಳದ ಕೆಸರು ಮರಳು ಗಟ್ಟಿಯಾಗಿ ಆದದ್ದು ಅದು. ಈ ಪದರಗಳೆಲ್ಲ ಭೂಮಿಯ ಒತ್ತಡಕ್ಕೆ ಮಡಿಚಿ, ನೆಟ್ಟಗೆ ನಿಂತು, ಕೆಲವು ಕಡೆ ಉದ್ದಕ್ಕೂ ಹಿಂಡಿ ಹೋಗಿವೆ. ಹೀಗೆ ಹಿಂಡಿದ ಪಟ್ಟಿಗಳೇ ಬಂಗಾರದ ದಾರಿ. ಕಿಲೋಮೀಟರುಗಟ್ಟಲೆ ಆಳದಿಂದ, ಮುನ್ನೂರು ಡಿಗ್ರಿಯ ಆಸುಪಾಸಿನ ಬಿಸಿನೀರು ಈ ಬಿರುಕುಗಳಲ್ಲಿ ಏರಿ ಬಂತು. ಅದರಲ್ಲಿ ಗಂಧಕದ ಜೊತೆ ಬಂಗಾರ ಕರಗಿತ್ತು. ದಾರಿಯಲ್ಲಿ ಕಬ್ಬಿಣ ಹೆಚ್ಚಿರುವ ಕಲ್ಲು ಸಿಕ್ಕಿದ ಕೂಡಲೇ ಗಂಧಕ ಕಬ್ಬಿಣದ ಜೊತೆ ಸೇರಿ ಪೈರೈಟ್ ಆಯಿತು. ಆಸರೆ ತಪ್ಪಿದ ಬಂಗಾರ ಅಲ್ಲೇ ಇಳಿದು ನಿಂತಿತು. ಬಿರುಕನ್ನು ಬೆಣಚುಕಲ್ಲು ತುಂಬಿಕೊಂಡಿತು. ಗದಗಿನ ಅದಿರಿನ ಮೊನಜೈಟ್ ಎಂಬ ಖನಿಜದ ಸೂಕ್ಷ್ಮ ಕಣಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು, ಇದೆಲ್ಲ ನಡೆದದ್ದು ಸುಮಾರು 252 ಕೋಟಿ ವರ್ಷಗಳ ಹಿಂದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯ ಚಿನ್ನವೂ ಹೆಚ್ಚು ಕಡಿಮೆ ಅದೇ ಕಾಲದ್ದು. ಗದಗಿನಿಂದ ಚಿತ್ರದುರ್ಗ, ಚಿಕ್ಕನಾಯಕನಹಳ್ಳಿ ದಾಟಿ ಶ್ರೀರಂಗಪಟ್ಟಣದವರೆಗೆ ಹೋಗುವ ಒಂದೇ ಕಲ್ಲಿನ ಪಟ್ಟಿ ಇದು.

ಹಳೆಯ ಗಣಿಯ ಜಾಗ ಸಿಕ್ಕಿದ್ದು ಜಾಲಿಕಂಟಿಗಳ ನಡುವೆ. ಸಾಲಾಗಿ ಬೋಗುಣಿಯಾಕಾರದ ತಗ್ಗುಗಳು, ಪಕ್ಕದಲ್ಲಿ ಒಡೆದು ಹಾಕಿದ ಬೆಣಚುಕಲ್ಲಿನ ಗುಡ್ಡೆ. ಮುಂದೆ ಒಂದು ಬಾವಿಯಂಥ ಬಾಯಿ, ಸುತ್ತ ಬೇಲಿಯಿಲ್ಲ. ಕಲ್ಲು ಹಾಕಿದರೆ ಸದ್ದು ಬರುವುದಕ್ಕೆ ಹೊತ್ತು ಹಿಡಿಯಿತು. ಗೆಳೆಯ ಕಲ್ಲಿನ ಗುಡ್ಡೆಯಲ್ಲಿ ಕೈಯಾಡಿಸಿ ತುಕ್ಕು ಹಿಡಿದ ಒಂದು ತುಂಡು ಆರಿಸಿ ಸುತ್ತಿಗೆಯಿಂದ ಹೊಡೆದ. ಹೊಸ ಮುರಿತದಲ್ಲಿ ಬೆಳ್ಳಿಯಂಥ ಬಿಳಿಚು ಹೊಳಪಿನ ಸೂಜಿಗಳು ಕಂಡವು. ಮೂಗಿನ ಹತ್ತಿರ ಹಿಡಿ ಎಂದ. ಬೆಳ್ಳುಳ್ಳಿ ವಾಸನೆ, ಒಗ್ಗರಣೆಗೆ ಜಜ್ಜಿದಷ್ಟೇ ಸ್ಪಷ್ಟ. ಆರ್ಸೆನೋಪೈರೈಟ್ ಅದು. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿದ ಖನಿಜ. ಗದಗಿನ ಬಂಗಾರದ ಒಡನಾಡಿ. ಜೊತೆಗೆ ಅಲ್ಲಲ್ಲಿ ಸೀಸದ ಗ್ಯಾಲೀನಾ, ಸತುವಿನ ಸ್ಫಾಲರೈಟ್, ತಾಮ್ರದ ಚಾಲ್ಕೋಪೈರೈಟ್ ಕೂಡ ಚೂರು ಚೂರು ಇರುತ್ತವೆ.

ಕುರಿ ಕಾಯುತ್ತ ಬಂದ ಒಬ್ಬ ಅಜ್ಜ ಕೋಲು ಊರಿ ನಿಂತ.

“ಏನ್ ನೋಡಾಕ ಬಂದೀರಿ ಸಾಹೇಬ್ರ? ಬಂಗಾರನ?”

“ಹೌದ್ರೀ ಅಜ್ಜಾರ. ನೀವು ಇಲ್ಲಿ ಕಂಡೀರೇನು?” ಗೆಳೆಯ ಕೇಳಿದ.

“ನಾ ಎಲ್ಲಿ ಕಾಣ್ಲಿರೀ. ಹುಡುಕಾಕ ಬಂದ ಮಂದೀನ ಭಾಳ ಕಂಡೀನಿ. ನಮ್ಮಪ್ಪನ ಕಾಲದಾಗೂ ಬರ್ತಿದ್ರಂತ. ಜೀಪ್ ತರ್ತಾರ, ಕಲ್ಲ ಒಡಿತಾರ, ಚೀಲದಾಗ ತುಂಬ್ಕೊಂಡ ಹೋಗ್ತಾರ.” ಸ್ವಲ್ಪ ತಡೆದು, ಬಾವಿಯ ಬಾಯಿಯ ಕಡೆ ಕೋಲು ತೋರಿಸಿದ. “ಇದಕ್ಕ ಒಂದ ಬೇಲಿ ಹಾಕ್ಸಿದ್ರ ಪುಣ್ಯ ಬರ್ತೈತ್ರೀ. ಕುರಿ ಬಿದ್ರ ತೆಗೆಯಾಕ ಆಗಂಗಿಲ್ಲ.”

ಆಮೇಲೆ ಅವನು ಕೇಳಿದ ಇನ್ನೊಂದು ಮಾತಿಗೆ ನಮ್ಮಿಬ್ಬರಲ್ಲೂ ಚುಟುಕು ಉತ್ತರ ಇರಲಿಲ್ಲ: “ಗಣಿ ಚಾಲೂ ಆತಂದ್ರ ಕಲ್ಲ ತೊಳದ ನೀರ ಎಲ್ಲಿ ಬಿಡ್ತಾರ್ರೀ?”

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ಗಣಿ ಚಾಲೂ ಇತ್ತು. ಕೋಲಾರದ ಯಶಸ್ಸು ನೋಡಿ ಲಂಡನ್ನಿನ ಬಂಡವಾಳ ಈ ಕಡೆಗೂ ಹರಿದು ಬಂದಿತ್ತು. ಕಬಲಾಯತಕಟ್ಟಿಯಲ್ಲಿ, ಹೊಸೂರಿನಲ್ಲಿ, ಶಿರಹಟ್ಟಿ ಸೀಮೆಯಲ್ಲಿ ಬಾವಿ ತೋಡಿದರು. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರಿಂದ ಭೂವಿಜ್ಞಾನದ ನಕ್ಷೆಗಳಲ್ಲಿ ಒಂದು ಗಣಿಗೆ ಇಂದಿಗೂ ಸಾಂಗ್ಲಿ ಎಂದೇ ಹೆಸರು. ಮೊದಲ ಮಹಾಯುದ್ಧ ಶುರುವಾಗುವ ಮುಂಚೆಯೇ ಎಲ್ಲ ನಿಂತುಹೋಯಿತು.

ಯಾಕೆ ನಿಂತಿತು ಎಂಬುದಕ್ಕೆ ಉತ್ತರ ಗೆಳೆಯನ ಕೈಯಲ್ಲಿದ್ದ ಆ ಬೆಳ್ಳುಳ್ಳಿ ವಾಸನೆಯ ಕಲ್ಲಿನಲ್ಲಿದೆ. ಕೋಲಾರದ ಚಾಂಪಿಯನ್ ರೀಫ್ ಎಂಬ ಬೆಣಚುಕಲ್ಲಿನ ಪಟ್ಟೆಯಲ್ಲಿ ಆರಂಭದ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂ ಮೀರಿ ಚಿನ್ನ ಸಿಕ್ಕಿದೆ. ಆ ಪಟ್ಟೆ ಕಿಲೋಮೀಟರುಗಟ್ಟಲೆ ಉದ್ದ, ಮೂರು ಕಿಲೋಮೀಟರಿಗೂ ಹೆಚ್ಚು ಆಳ ಬಿಡದೆ ಸಾಗಿತ್ತು. ಕಪ್ಪತಗುಡ್ಡದ ಪಟ್ಟೆಗಳು ಹಾಗಲ್ಲ. ಉಬ್ಬುತ್ತವೆ, ಸೊರಗುತ್ತವೆ, ಮಡಿಕೆಯಲ್ಲಿ ಮಾಯವಾಗಿ ಬೇರೆಲ್ಲೋ ಏಳುತ್ತವೆ. ಟನ್ನಿಗೆ 3 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಟನ್ ಬೆಣಚುಕಲ್ಲು ಎಂದರೆ ಎಲ್ಲ ಮಗ್ಗುಲೂ ಎರಡೂವರೆ ಅಡಿಗೆ ತುಸು ಕಡಿಮೆ ಇರುವ ಬಂಡೆ. ಅದರೊಳಗಿನ ಮೂರು ಗ್ರಾಂ ಬಂಗಾರವನ್ನೆಲ್ಲ ಒಟ್ಟು ಮಾಡಿದರೆ ಒಂದು ಕಡಲೆಕಾಳಿನಷ್ಟು. ಆ ಕಾಳೂ ಒಂದೇ ಕಡೆ ಕೂತಿಲ್ಲ, ಬಂಡೆಯ ತುಂಬ ಚದುರಿದೆ. ಬಿಡಿ ಬಂಗಾರವಾಗಿದ್ದರೆ ಕಲ್ಲು ಪುಡಿ ಮಾಡಿ ಸಯನೈಡ್ ನೀರಿನಲ್ಲಿ ಕರಗಿಸಬಹುದು. ಆ ವಿಧಾನ 1880ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಆರ್ಸೆನೋಪೈರೈಟಿನ ಹರಳಿನೊಳಗೆ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದಾಗಿ ಸಿಕ್ಕಿಹಾಕಿಕೊಂಡ ಬಂಗಾರವನ್ನು ಸಯನೈಡ್ ಮುಟ್ಟಲಾರದು. ಆ ಕಾಲದಲ್ಲಿ ಮೊದಲು ಆ ಹರಳನ್ನು ಸುಡಬೇಕಿತ್ತು. ಸುಟ್ಟರೆ ಆರ್ಸೆನಿಕ್ ಹೊಗೆಯಾಗಿ ಏಳುತ್ತದೆ.

ಸ್ವಾತಂತ್ರ್ಯದ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇಲ್ಲಿಗೆ ಮತ್ತೆ ಬಂದು ನಕ್ಷೆ ಬರೆದು, ಕೊರೆದು ನೋಡಿತು. ಆ ಕೆಲಸ ಹೇಗಿರುತ್ತದೆ ಎಂದು ಗೆಳೆಯ ಅವತ್ತು ಸಂಜೆ ಡೋಣಿಯ ಚಹಾದಂಗಡಿಯಲ್ಲಿ ಕೂತು ವಿವರಿಸಿದ. ಅವನ ಮುಖದಲ್ಲಿ ಅಷ್ಟು ಹೊತ್ತೂ ಒಂದು ಕಳೆ ಇತ್ತು. ವಜ್ರದ ಹರಳು ಕೂರಿಸಿದ ಟೊಳ್ಳು ಕೊರೆಮೊನೆ ಕಲ್ಲನ್ನು ಕೊರೆಯುತ್ತ ಇಳಿದರೆ ಕೊಳವೆಯೊಳಗೆ ಉರುಟು ಕಂಬಿಯಾಗಿ ಕಲ್ಲು ಮೇಲೆ ಬರುತ್ತದೆ. ಅದನ್ನು ಅಡಿ ಲೆಕ್ಕದಲ್ಲಿ ಮರದ ಪೆಟ್ಟಿಗೆಯಲ್ಲಿ ಜೋಡಿಸಬೇಕು. ಉದ್ದಕ್ಕೆ ಸೀಳಿ ಅರ್ಧವನ್ನು ಪರೀಕ್ಷೆಗೆ ಕಳಿಸಿ ಅರ್ಧವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬೇಕು. ಪ್ರಯೋಗಾಲಯದಲ್ಲಿ ಪುಡಿ ಮಾಡಿದ ಕಲ್ಲಿಗೆ ಸೀಸದ ಆಕ್ಸೈಡ್, ಸೋಡಾ, ಬಿಳಿಗಾರ ಬೆರೆಸಿ ಮೂಸೆಯಲ್ಲಿ ಕರಗಿಸುತ್ತಾರೆ. ಸೀಸ ಕರಗಿ ಇಳಿಯುವಾಗ ಕಲ್ಲಿನಲ್ಲಿದ್ದ ಬಂಗಾರವನ್ನೆಲ್ಲ ಬಾಚಿಕೊಂಡು ತಳಕ್ಕೆ ಒಂದು ಗುಂಡಿಯಾಗಿ ಕೂರುತ್ತದೆ. ಆ ಗುಂಡಿಯನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲೇ ಹೀರುತ್ತದೆ. ಕೊನೆಗೆ ಬೆಳ್ಳಿ ಬಂಗಾರ ಬೆರೆತ ಒಂದು ಮಣಿ ಉಳಿಯುತ್ತದೆ, ಸಾಸಿವೆಗಿಂತ ಸಣ್ಣದು. ಬೆಳ್ಳಿಯನ್ನು ಆಮ್ಲದಲ್ಲಿ ತೆಗೆದು ತೂಗಿದರೆ ಟನ್ನಿಗೆ ಎಷ್ಟು ಗ್ರಾಂ ಎಂಬ ಅಂಕಿ ಸಿಗುತ್ತದೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಡೆದದ್ದೆಲ್ಲ ಆ ಒಂದು ಮಣಿಯ ತೂಕಕ್ಕೆ ಬಂದು ನಿಲ್ಲುತ್ತದೆ.

ಆ ಅಂಕಿ ಬದಲಾಗುವುದಿಲ್ಲ, ಅದರ ಬೆಲೆ ಬದಲಾಗುತ್ತದೆ. ನಾನು ಈ ಪ್ರವಾಸದಲ್ಲಿ ಕಲಿತ ದೊಡ್ಡ ಸಂಗತಿ ಇದು. ಅದಿರು ಎಂಬುದು ನಿಸರ್ಗ ಮಾಡಿದ ವಸ್ತುವಲ್ಲ. ನಿಸರ್ಗದಲ್ಲಿ ಇರುವುದು ಕಲ್ಲು. ತೆಗೆಯುವ ಖರ್ಚಿಗಿಂತ ಮಾರುವ ಬೆಲೆ ಹೆಚ್ಚಾದ ದಿನ ಆ ಕಲ್ಲು ಅದಿರಾಗುತ್ತದೆ, ಬೆಲೆ ಇಳಿದ ದಿನ ಮತ್ತೆ ಕಲ್ಲಾಗುತ್ತದೆ. ಹಾಗಾಗಿ ಇಂಥ ನಿಕ್ಷೇಪ ಎಂದಿಗೂ ಸಾಯುವುದಿಲ್ಲ. ಪೇಟೆಯಲ್ಲಿ ಚಿನ್ನದ ದರ ಏರಿದ ಪ್ರತಿ ಸಲವೂ ಯಾರೋ ಒಬ್ಬರು ಹಳೆಯ ವರದಿಯ ದೂಳು ಕೊಡವಿ ಕಪ್ಪತಗುಡ್ಡದ ಕಡೆ ನೋಡುತ್ತಾರೆ.

ಗುಡ್ಡದ ಮೇಲೆ ಹೀಗೆ ಮತ್ತೆ ಮತ್ತೆ ಕಣ್ಣು ಬೀಳುತ್ತದೆ ಎಂಬುದನ್ನು ಗದಗಿನ ಜನ ಬೇಗ ಅರ್ಥ ಮಾಡಿಕೊಂಡರು. 2011ರಲ್ಲಿ ಹಳ್ಳಿಗುಡಿ ಹತ್ತಿರ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆ ಬರುವುದಿತ್ತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ರೈತರು ಎದ್ದು ನಿಂತರು, ಆ ಯೋಜನೆ ಕೈಬಿಟ್ಟುಹೋಯಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತ್ತು. ಮರುವರ್ಷ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. 2017ರಲ್ಲಿ ಮತ್ತೆ ಸ್ವಾಮೀಜಿಯವರು, ಪರಿಸರವಾದಿಗಳು, ಊರೂರ ಜನ ಗದಗಿನಲ್ಲಿ ಧರಣಿ ಕೂತ ಮೇಲೆ ಆ ಸ್ಥಾನ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ನವಿಲುಗಳ ಮನೆ ಈ ಗುಡ್ಡ. ಅದು ಸರಿಯಾದ ತೀರ್ಮಾನ ಎಂದು ನಾನು ಪೂರ್ತಿ ನಂಬುತ್ತೇನೆ. ಗೆಳೆಯ ಗಣಿಯ ವಿರೋಧಿಯಲ್ಲ, ಹಟ್ಟಿಯ ಚಿನ್ನದ ಗಣಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ ಎನ್ನುವವನು. ಅವನೂ ಈ ಗುಡ್ಡದ ಮಟ್ಟಿಗೆ ನನ್ನ ಮಾತು ಒಪ್ಪಿದ. ಇಷ್ಟು ಚದುರಿದ, ಇಷ್ಟು ಆರ್ಸೆನಿಕ್ ಕೂಡಿದ ಬಂಗಾರಕ್ಕಾಗಿ ಒಂದು ನೀರಿನ ತವರನ್ನು ಅಗೆಯಬಾರದು ಎಂದ.

ಗದಗಿನಿಂದ ಚಿತ್ರದುರ್ಗಕ್ಕೆ ಹೊರಟಾಗ ಅದೇ ಕಲ್ಲಿನ ಪಟ್ಟಿಯನ್ನು ಹಿಡಿದು ದಕ್ಷಿಣಕ್ಕೆ ಇಳಿದಂತಾಯಿತು. ಅಲ್ಲಿ ನೋಡಬೇಕಾದದ್ದು ತಾಮ್ರ. ಮೊದಲು ಮರಡಿಹಳ್ಳಿಗೆ ಹೋದೆವು. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ತಣ್ಣೀರಿಗೆ ಸೋಕಿ ಉಂಡೆಯುಂಡೆಯಾಗಿ ಹೆಪ್ಪುಗಟ್ಟಿ, ಒಂದರ ಮೇಲೊಂದು ಕೂತ ದಿಂಬು ಲಾವಾ ಇಲ್ಲಿ ಬಯಲಲ್ಲೇ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಂದೊಂದು ಉಂಡೆಗೂ ಬೇಗ ತಣಿದ ಗಾಜಿನಂಥ ಅಂಚು ಇತ್ತೆಂಬುದು ಇಂದಿಗೂ ಗುರುತು ಹಿಡಿಯುವಂತಿದೆ. ಬೆರಳಿಟ್ಟು ಆ ಅಂಚನ್ನು ಸುತ್ತು ಹಾಕಿದೆ. ಅಲ್ಲಿಂದ ಚಿತ್ರದುರ್ಗ ಊರಿನ ಹತ್ತಿರದ ಇಂಗಳದಾಳಕ್ಕೆ ಬಂದೆವು. ಹಟ್ಟಿ ಚಿನ್ನದ ಗಣಿ ಕಂಪನಿ ನಡೆಸಿ, ಈಗ ನಿಂತಿರುವ ತಾಮ್ರದ ಗಣಿ ಇಲ್ಲಿಯದು. ಸಮುದ್ರದ ತಳದ ಬಿಸಿನೀರಿನ ಬುಗ್ಗೆಗಳು ತಾಮ್ರ, ಸತು, ಸೀಸವನ್ನು ಗಂಧಕದ ಜೊತೆ ಉಗುಳಿ ಲಾವಾದ ನಡುವೆ ಬಿಟ್ಟುಹೋದವು. ಇದು ನಡೆದದ್ದು ಸಮುದ್ರ ಇದ್ದಾಗ, ಬಂಗಾರ ಬಂದದ್ದು ಆ ಸಮುದ್ರವೆಲ್ಲ ಮುಚ್ಚಿ ಕಲ್ಲು ಹಿಂಡಿದ ಮೇಲೆ. ಒಂದೇ ಪಟ್ಟಿಯಲ್ಲಿ ಎರಡು ಲೋಹಗಳಿದ್ದರೂ ನಡುವೆ ಕೋಟ್ಯಂತರ ವರ್ಷಗಳ ಅಂತರ. ದಾರಿಬದಿಯ ಕಲ್ಲೊಂದರ ಮೇಲೆ ಹಸಿರು ಕಲೆ ಕಂಡಿತು. ತಾಮ್ರ ಮಳೆಗಾಳಿಗೆ ಕಿಲುಬಿ ಆದ ಮ್ಯಾಲಕೈಟ್. ಹಳೆಯ ಕಾಲದವರಿಗೆ ತಾಮ್ರದ ದಾರಿ ತೋರಿಸುತ್ತಿದ್ದದ್ದು ಇಂಥ ಹಸಿರೇ.

ಇಂಗಳದಾಳದಲ್ಲಿ ನಿಂತಾಗಲೇ ಗೆಳೆಯ ಕುರಿ ಕಾಯುವ ಅಜ್ಜನ ಪ್ರಶ್ನೆಗೆ ಉತ್ತರ ಹೇಳಿದ್ದು. ಲೋಹ ತೆಗೆದ ಮೇಲೆ ಉಳಿಯುವ ನುಣುಪಾದ ಪುಡಿ ಕೆಸರಾಗಿ ಒಂದು ಕಟ್ಟೆಯ ಹಿಂದೆ ಸೇರುತ್ತದೆ. ಕೋಲಾರದ ಸಯನೈಡ್ ದಿಬ್ಬಗಳು ಅದರವೇ. ಬಂಡೆಯೊಳಗೆ ಕೋಟಿ ವರ್ಷ ಸುಮ್ಮನಿದ್ದ ಗಂಧಕ, ಆರ್ಸೆನಿಕ್ ಪುಡಿಯಾದ ಕೂಡಲೇ ಗಾಳಿಗೂ ನೀರಿಗೂ ತೆರೆದುಕೊಳ್ಳುತ್ತವೆ. ಪೈರೈಟ್ ಆಮ್ಲವಾಗುತ್ತದೆ, ಆರ್ಸೆನಿಕ್ ನೀರಿಗಿಳಿಯುತ್ತದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಕಂಡದ್ದು, ಜನರ ಚರ್ಮದ ಮೇಲೆ ಅದರ ಕಲೆಗಳು ಮೂಡಿದ್ದು ದಾಖಲಾಗಿದೆ. ಆ ತಾಂಡಾದ ಹತ್ತಿರವೂ ಮುಚ್ಚಿದ ಚಿನ್ನದ ಗಣಿಯೊಂದಿದೆ, ಮಂಗಳೂರು ಎಂಬ ಹೆಸರಿನದು.

ಕಪ್ಪತಗುಡ್ಡದಲ್ಲಿ ಹೊಸ ಗಣಿ ಬಾರದಿದ್ದರೂ ಅಜ್ಜನ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಹಳೆಯ ಬಾವಿಗಳು ತೆರೆದೇ ಇವೆ, ಒಡೆದ ಕಲ್ಲಿನ ಗುಡ್ಡೆಗಳು ಮಳೆಯಲ್ಲಿ ನೆನೆಯುತ್ತಲೇ ಇವೆ. ಬಾವಿಗಳ ಸುತ್ತ ಬೇಲಿ ಬೇಕು. ಹಿಂದೆ ಕೊರೆದು ತೆಗೆದ ಕಲ್ಲಿನ ಕಂಬಿಗಳ ಪೆಟ್ಟಿಗೆಗಳನ್ನು ಜೋಪಾನವಾಗಿ ಒಂದೆಡೆ ಇಡಬೇಕು, ಮುಂದೆ ಯಾರಿಗಾದರೂ ಅನುಮಾನ ಬಂದರೆ ಗುಡ್ಡವನ್ನು ಮತ್ತೆ ಕೊರೆಯದೆ ಅವನ್ನೇ ನೋಡಬಹುದು. ಎಲ್ಲಕ್ಕಿಂತ ಮೊದಲು ಕಬಲಾಯತಕಟ್ಟಿ, ಅತ್ತಿಕಟ್ಟಿ, ಹೊಸೂರು ಸುತ್ತಿನ ತಾಂಡಾಗಳ ಕೊಳವೆಬಾವಿಗಳ ನೀರನ್ನು ವರ್ಷಕ್ಕೊಮ್ಮೆಯಾದರೂ ಆರ್ಸೆನಿಕ್‌ಗಾಗಿ ಪರೀಕ್ಷಿಸಬೇಕು. ಲೀಟರಿಗೆ 10 ಮೈಕ್ರೋಗ್ರಾಂ ಎಂಬುದು ಕುಡಿಯುವ ನೀರಿಗೆ ಇಟ್ಟಿರುವ ಮಿತಿ. ಒಂದು ಬಾಟಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುವಷ್ಟರ ಕೆಲಸ ಅದು. ಊರಿಗೆ ಮರಳಿದ ಮೇಲೆ ಗೆಳೆಯ ತನ್ನ ಹಳೆಯ ನಕ್ಷೆಯಲ್ಲಿ ಬಾವಿಗಳಿಗೆ ಗುರುತು ಹಾಕಿ ಕೊಟ್ಟ. ಅದರ ಪ್ರತಿಯನ್ನು ಅಜ್ಜನ ಊರಿನ ಪಂಚಾಯಿತಿಗೆ ಕಳಿಸಿದ್ದೇನೆ.